ನೂರು ಎಣಿಸುವುದರೊಳಗೆ

ಹಾಸಿಗೆ ಹೊಲಿಯುವವನಿಗೇ ನಿದ್ದೆ ಬರುವುದಿಲ್ಲ ಎಂದರೆ ಯಾರಿಗಾದರೂ ನಗು ಬರುತ್ತದೆ. ನಗಿ, ಬೇಡ ಅನ್ನುವವರು ಯಾರು! ಆದರೆ ಆ ಒಂದು ತಿಂಗಳು ಆ ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಈಗ ಅದನ್ನೇ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಾರೆ, ಅದು ಬೇರೆ ವಿಷಯ.

ಸೈಕಲ್ ರಿಪೇರಿಯವನಿಗೂ ಕ್ಷೌರದಂಗಡಿಗೂ ನಡುವೆ ಅವನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮಧ್ಯೆ ಒಂದು ಬಟ್ಟೆಯ ಪರದೆ. ಬಾಗಿಲ ಚೌಕಟ್ಟು, ಫ್ಯಾನಿನ ರೆಕ್ಕೆ, ಅವನ ಹುಬ್ಬು, ಎಲ್ಲದರ ಮೇಲೂ ಹತ್ತಿಯ ಧೂಳು. ಅಂಗಡಿಯ ನಡುವೆ ಆಳುದ್ದದ ಒಂದು ಹಲಗೆ ಇದೆ. ಹೊಲಿದು ಮುಗಿದ ಹಾಸಿಗೆಯನ್ನು ಅದರ ಮೇಲೆ ಹಾಸಿ, ಚಪ್ಪಲಿ ಬಿಟ್ಟು, ಅಂಗಾತ ಮಲಗಿ, ಕೈಯೆರಡನ್ನೂ ಎದೆಯ ಮೇಲಿಟ್ಟುಕೊಂಡು ಅವನು ನೂರು ಎಣಿಸುತ್ತಾನೆ. ಸಾಸಿವೆ ಕಾಳಿನಷ್ಟು ಗಂಟಿದ್ದರೂ ಅವನ ಬೆನ್ನು ಹೇಳಿಬಿಡುತ್ತದೆ. ಇಪ್ಪತ್ತಾರು ವರ್ಷಗಳಲ್ಲಿ ನೂರು ಎಣಿಸದ ಒಂದು ಹಾಸಿಗೆಯೂ ಆ ಬಾಗಿಲು ದಾಟಿಲ್ಲ. ಅದಕ್ಕೇ ಬೀದಿಯವರೆಲ್ಲ ಅವನನ್ನು ನೂರೆಣಿಕೆಯಣ್ಣ ಅನ್ನುತ್ತಾರೆ.

ಈ ವಿದ್ಯೆ ಕಲಿಸಿದ್ದು ಅವನ ಗುರು. ಗುರುವೇ ಆಮೇಲೆ ಮಗಳನ್ನು ಕೊಟ್ಟು ಮಾವನೂ ಆದ. ಮಾವ ತೀರಿಕೊಂಡು ಬಹಳ ವರ್ಷಗಳಾದವು. ಮಾವನ ಮಗಳು, ಅಂದರೆ ನಮ್ಮ ನೂರೆಣಿಕೆಯಣ್ಣನ ಹೆಂಡತಿ, ಮೂಲೆಯ ಮಷಿನ್ನಿನಲ್ಲಿ ಕೂತು ಗವಸು ಹೊಲಿಯುತ್ತಾಳೆ. ಅವನು ಹತ್ತಿ ಹಿಂಜಿ ತುಂಬಿದ ಮೇಲೆ ಬಾಯಿ ಮುಚ್ಚಿ ಹೊಲಿಯುವವಳೂ ಅವಳೇ. ಹಾಸಿಗೆಯ ಬಾಯಿ ಮಾತ್ರ, ತನ್ನದಲ್ಲ. ಅವಳ ನಡುಬೆರಳಿನ ತುದಿಯಲ್ಲಿ ಸೂಜಿ ಚುಚ್ಚದ ಹಾಗೆ ಒಂದು ಹಿತ್ತಾಳೆಯ ಅಂಗುಸ್ತಾನ, ಅಪ್ಪ ಕೊಟ್ಟದ್ದು. ಸಿಟ್ಟು ಬಂದರೆ ಅದರಿಂದ ಮಷಿನ್ನನ್ನು ಟಕಟಕ ಕುಟ್ಟುತ್ತಾಳೆ. ಪರದೆಯ ಹಿಂದೆ ಅವಳ ತಾಯಿ, ಅವನಿಗೆ ಎಪ್ಪತ್ತೆಂಟರ ಅತ್ತೆ, ಅತ್ತೆಯ ಜೊತೆ ಅತ್ತೆಯ ಕೆಮ್ಮು. ಮನೆ ಅಂದರೆ ಇಷ್ಟೇ ಜನ.

ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿಗೆ ಮೂವತ್ತು ಹಾಸಿಗೆ ಬೇಕು ಎಂದು ಆರ್ಡರ್ ಬಂದ ದಿನ ಎಲ್ಲರಿಗೂ ಖುಷಿಯೋ ಖುಷಿ. ಒಂದು ತಿಂಗಳ ಗಡುವು. ದಿನಕ್ಕೆ ಎರಡರಂತೆ ಹೊಲಿದರೂ ಹದಿನೈದು ದಿನ ಕೈಯಲ್ಲಿ ಉಳಿಯುತ್ತದೆ. ಆ ರಾತ್ರಿ ಅವನು ಮಲಗಿಕೊಂಡೇ ಮೂವತ್ತು ಹಾಸಿಗೆಗೆ ಹತ್ತಿ ಲೆಕ್ಕ ಹಾಕಿದ, ಬಟ್ಟೆ ಲೆಕ್ಕ ಹಾಕಿದ, ಗಡಿಯಾರ ಎರಡು ಹೊಡೆದದ್ದು ಕೇಳಿಸಿತು. ಅಯ್ಯೋ, ನಾಳೆ ಕೆಲಸ ಹೇಗಪ್ಪಾ ಅಂದುಕೊಂಡ. ಮೂರು ಹೊಡೆಯಿತು. ಮಾರನೆಯ ದಿನ ಕೆಲಸವೇನೋ ಎಂದಿನಂತೆಯೇ ಆಯಿತು. ಅಲ್ಲಿಗೆ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಸಂಜೆ ಊಟಕ್ಕೆ ಕೂತಾಗ, ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೇಳಿಬಿಟ್ಟ: "ಇವತ್ತಾದ್ರೂ ನಿದ್ದೆ ಬರುತ್ತೇನೇ?"

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ ನೋಡಿ. ಅವತ್ತೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಕಣ್ಣು ಮುಚ್ಚಿದರೆ ಎದೆ ಡವಡವ. ಹತ್ತಿಯ ಲೆಕ್ಕ ಎಂದೋ ಮರೆತುಹೋಗಿತ್ತು. ಈಗ ನಿದ್ದೆ ಬರದಿದ್ದರೆ ಏನು ಗತಿ ಎಂಬ ಯೋಚನೆಯೊಂದೇ ಅವನನ್ನು ಎಬ್ಬಿಸಿ ಕೂರಿಸುತ್ತಿತ್ತು.

ಸಲಹೆ ಕೊಡಲು ಜನಕ್ಕೇನು ಬರವೇ? ಬಿಸಿ ಹಾಲು ಕುಡಿ ಎಂದ ಸೈಕಲ್ಲಿನವನು. ತಲೆಗೆ ಎಣ್ಣೆ ಹಚ್ಚು ಎಂದ ಕ್ಷೌರದವನು, ಜೊತೆಗೆ "ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ" ಎಂದು ಗಾದೆ ಬೇರೆ ಹೇಳಿದ. ಡಾಕ್ಟರು ನಾಡಿ ನೋಡಿ, ಎದೆ ನೋಡಿ, ಮೈಯಲ್ಲಿ ಏನೂ ಇಲ್ಲ, ಚಿಂತೆ ಬಿಟ್ಟು ಮಲ್ಕೊಳ್ಳಿ ಅಂದರು. ಅಂದಿನಿಂದ ಚಿಂತೆ ಬಿಡುವುದು ಹೇಗೆಂಬ ಚಿಂತೆಯೂ ಸೇರಿಕೊಂಡಿತು.

ಮನೆಯಲ್ಲಿ ಕಾನೂನುಗಳು ಶುರುವಾದವು. ಗಡಿಯಾರ ಸದ್ದು ಮಾಡುತ್ತದೆಂದು ಅದನ್ನು ಅಡುಗೆಮನೆಯ ಡಬ್ಬದೊಳಗೆ ಹಾಕಿ ಮುಚ್ಚಿದ. ಒಂಬತ್ತರ ಮೇಲೆ ಪಾತ್ರೆ ತೊಳೆಯುವ ಹಾಗಿಲ್ಲ. ಹೆಂಡತಿ ಮಗ್ಗುಲು ಬದಲಿಸುವ ಹಾಗಿಲ್ಲ. ದಿಂಬು ಒಂದು ದಿನ ಆ ಕಡೆ, ಒಂದು ದಿನ ಈ ಕಡೆ. ಕೊನೆಗೆ ಅತ್ತೆಗೂ ಒಂದು ಮಾತು ಹೇಳಿದ:

"ಅತ್ತೇ, ರಾತ್ರಿ ಹೊತ್ತು ಕೆಮ್ಮು ಸ್ವಲ್ಪ ಕಡಿಮೆ ಮಾಡ್ತೀರಾ?"

"ಕೆಮ್ಮೇನು ನಮ್ಮಪ್ಪನ ಮನೆ ಆಳಾ ಅಳಿಯಂದಿರೇ, ಬಾ ಅಂದಾಗ ಬಂದು ಹೋಗು ಅಂದಾಗ ಹೋಗೋಕೆ!" ಎಂದಳು ಅತ್ತೆ. ಅಂದರೂ ಪಾಪ, ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮತೊಡಗಿದಳು. ಮನೆಯವರೆಲ್ಲ ಬೆಕ್ಕಿನ ಹೆಜ್ಜೆ ಇಟ್ಟು ಓಡಾಡಿದರು. ಅಷ್ಟು ನಿಶ್ಶಬ್ದದಲ್ಲಿ ಯಾರಿಗೆ ತಾನೇ ನಿದ್ದೆ ಬರುತ್ತದೆ? ಉಳಿದಿಬ್ಬರ ನಿದ್ದೆಯೂ ಕೆಟ್ಟಿತು.

ಇಷ್ಟಾದರೂ ಅಂಗಡಿಯ ಕೆಲಸ ನಡೆಯುತ್ತಿತ್ತೇನೋ. ಅದನ್ನು ಕೆಡಿಸಿದ್ದು ಪೋಸ್ಟಿನವನ ಸಲಹೆ. "ಏನೂ ಮಾಡ್ಬೇಡಿ ಅಣ್ಣ, ಕಣ್ಣು ಮುಚ್ಚಿ ಸುಮ್ನೆ ಎಣಿಸ್ತಾ ಹೋಗಿ, ನೂರಾಗೋದ್ರೊಳಗೆ ನಿದ್ದೆ" ಎಂದಿದ್ದ. ಬೇರೆಯವರಿಗೆ ಸರಿ. ಆದರೆ ನಮ್ಮವನಿಗೆ ಎಣಿಕೆ ಎಂದರೆ ಉದ್ಯೋಗ! ಒಂದು, ಎರಡು, ಮೂರು ಅನ್ನುತ್ತಿದ್ದ ಹಾಗೇ ಬೆನ್ನು ಕೆಲಸಕ್ಕೆ ಹಾಜರಾಯಿತು. ನಲವತ್ತಕ್ಕೆ ಭುಜದ ಕೆಳಗೆ ಏನೋ ಗಂಟು. ಅರವತ್ತಕ್ಕೆ ಸೊಂಟದ ಹತ್ತಿರ ಇನ್ನೊಂದು. ನೂರಕ್ಕೆ ಇಪ್ಪತ್ತಾರು ವರ್ಷದ ಅಭ್ಯಾಸದಂತೆ ಎದ್ದು ಕೂತ. "ಸಿಕ್ತು ಕಣೇ! ತಪ್ಪು ನಂದಲ್ಲ, ಹಾಸಿಗೇದು!" ಎಂದು ಹೆಂಡತಿಯನ್ನು ಎಬ್ಬಿಸಿದ.

ಮೊದಲು ಸ್ವಂತ ಹಾಸಿಗೆ ಬಿಚ್ಚಿದ. ಹತ್ತಿಯನ್ನೆಲ್ಲ ಮತ್ತೆ ಹಿಂಜಿ ತುಂಬಿದ. ಗಂಟುಗಳು ಅಲ್ಲೇ ಇದ್ದವು, ಸ್ವಲ್ಪ ಜಾಗ ಬದಲಿಸಿದ್ದವು ಅಷ್ಟೇ. ಆಮೇಲೆ ಅಂಗಡಿಯ ಹಾಸಿಗೆಗಳ ಮೇಲೆ ಸಂಶಯ ಹತ್ತಿತು. ಅಷ್ಟರಲ್ಲಿ ಹನ್ನೆರಡು ಮುಗಿದಿದ್ದವು. ಒಂದೊಂದನ್ನೇ ಹಲಗೆಗೆ ಹಾಕಿ ಮಲಗಿದ. ಎಲ್ಲದರಲ್ಲೂ ಗಂಟು! ಮೂರು ದಿನದಲ್ಲಿ ಹನ್ನೊಂದು ಬಿಚ್ಚಿ ಗುಡ್ಡೆ ಹಾಕಿದ.

"ಹೊಲಿಯೋದು ನಾನು, ಬಿಚ್ಚೋದು ನೀವು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!" ಹೆಂಡತಿಯ ಅಂಗುಸ್ತಾನ ಟಕಟಕ ಕುಟ್ಟಿತು. "ಹೀಗಾದ್ರೆ ಮೂವತ್ತಲ್ಲ, ಮೂರೂ ಆಗಲ್ಲ. ಎಣಿಸೋದು ಬಿಟ್ಟು ಹಾಗೇ ಕಳಿಸಿಬಿಡೋಣ."

"ಎಣಿಸದೆ ಕಳಿಸೋದಾ?" ಎಂದ ಅವನು. "ಬೆನ್ನು ಹೋಯ್ತು ಅಂದ್ರೆ ನಾನು ಹಾಸಿಗೆಯವನೇ ಅಲ್ಲ ಕಣೇ. ಆರ್ಡರ್ ವಾಪಸ್ ಕೊಟ್ಟು ಅಂಗಡಿ ಮುಚ್ಚೋದೇ ಸರಿ." ತಮಾಷೆಗೆ ಆಡಿದ ಮಾತಲ್ಲ ಅದು. ಅವನಿಗೆ ನಿಜವಾಗಿಯೂ ಭಯವಾಗಿತ್ತು, ಅವಳಿಗೂ ಆಯಿತು, ಆ ದಿನ ಮತ್ತೆ ಕುಟ್ಟಲಿಲ್ಲ.

ಗಡುವಿಗೆ ಹದಿಮೂರು ದಿನ ಇದ್ದಾಗ, ಬೆಳಗಿನ ಹೊತ್ತು, ಮಕ್ಕಳ ವಾರ್ಡಿನ ದೊಡ್ಡ ಸಿಸ್ಟರ್ ಅಂಗಡಿಗೆ ಬಂದರು. ಮೂವತ್ತು ವರ್ಷದಿಂದ ಆ ವಾರ್ಡಿನ ರಾತ್ರಿ ಪಾಳಿ ನೋಡಿಕೊಳ್ಳುವಾಕೆ. ಡ್ಯೂಟಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಇಣುಕಿದ್ದು.

"ಎಷ್ಟಾಯ್ತು ಅಣ್ಣ?"

"ಹನ್ನೆರಡು ಆಗಿತ್ತು ಸಿಸ್ಟರ್."

"ಆಗಿತ್ತು ಅಂದ್ರೆ?"

"ಹನ್ನೊಂದು ಬಿಚ್ಚಿದ್ರು," ಮಷಿನ್ನಿನ ಕಡೆಯಿಂದ ಉತ್ತರ ಬಂತು. "ಒಂದು ಉಳಿದಿದೆ, ಅದನ್ನೂ ಬಿಚ್ಚೋಕೆ ಮುಹೂರ್ತ ನೋಡ್ತಿದ್ದಾರೆ."

"ಅದಕ್ಕೇನಾಗಿದೆ?"

"ಮೂರು ಗಂಟಿದೆ ಸಿಸ್ಟರ್," ಎಂದ ಅವನು, ತಲೆ ತಗ್ಗಿಸಿಕೊಂಡು.

"ಎಲ್ಲಿ, ನೋಡೋಣ." ಸಿಸ್ಟರ್ ಬ್ಯಾಗನ್ನು ಪಕ್ಕಕ್ಕಿಟ್ಟು, ಸೀರೆ ಸರಿಮಾಡಿಕೊಂಡು, ಹಲಗೆಯ ಮೇಲಿದ್ದ ಆ ಹಾಸಿಗೆಯ ಮೇಲೆ ಮಲಗಿದರು. "ಭುಜದ ಕೆಳಗಾ? ಇಲ್ವಲ್ಲ. ಸೊಂಟದ ಹತ್ರಾನಾ?" ಮೂರನೆಯದು ಎಲ್ಲಿ ಎಂದು ಕೇಳಲೇ ಇಲ್ಲ. ಗೊರಕೆ ಕೇಳಿಸಿತು. ಬೀದಿಯಲ್ಲಿ ಲಾರಿ ಹಾರ್ನ್ ಹೊಡೆಯಿತು, ಪಕ್ಕದಲ್ಲಿ ಸೈಕಲ್ ರಿಮ್ಮಿಗೆ ಸುತ್ತಿಗೆ ಏಟು ಬಿತ್ತು, ಯಾವುದಕ್ಕೂ ಆಕೆ ಜಪ್ಪಯ್ಯ ಅನ್ನಲಿಲ್ಲ. ಒಂದೂವರೆ ಗಂಟೆ! ದಿಂಬು ಕೊಳ್ಳಲು ಬಂದ ಗಿರಾಕಿಯೊಬ್ಬರು ಸ್ವಲ್ಪ ಹೊತ್ತು ನಿಂತು ನೋಡಿ, "ನಂಗೂ ಇಂಥದ್ದೇ ಹಾಸಿಗೆ ಹೊಲ್ಕೊಡಿ" ಎಂದು ಪಿಸುಗುಟ್ಟಿ ಹೋದರು.

ಎದ್ದ ಸಿಸ್ಟರ್‌ಗೆ ಹೆಂಡತಿ ಚಹಾ ಕೊಟ್ಟಳು. ಸಿಸ್ಟರ್ ಅವನ ಕಣ್ಣುಗಳನ್ನು ನೋಡಿದರು.

"ಎಷ್ಟು ದಿನ ಆಯ್ತು ನಿದ್ದೆಗೆಟ್ಟು?"

ಅವನು ಎಲ್ಲವನ್ನೂ ಹೇಳಿಕೊಂಡ. ಹಾಲು, ಎಣ್ಣೆ, ಡಬ್ಬದೊಳಗಿನ ಗಡಿಯಾರ, ಅತ್ತೆಯ ಸೆರಗು. ಹೇಳುತ್ತಾ ಹೇಳುತ್ತಾ ಅವನಿಗೇ ನಾಚಿಕೆಯಾಯಿತು. ಸಿಸ್ಟರ್ ನಗಲಿಲ್ಲ, ನಗು ತಡೆದುಕೊಂಡದ್ದು ಮಾತ್ರ ಎಲ್ಲರಿಗೂ ಕಾಣಿಸಿತು.

"ನೋಡಿ ಅಣ್ಣ, ಹಸಿವಿಗೆ ರುಚಿ ಗೊತ್ತಿಲ್ಲ, ನಿದ್ದೆಗೆ ಸುಖ ಗೊತ್ತಿಲ್ಲ. ನೀವು ನಿದ್ದೇನ ನೆಂಟರ ಥರ ಉಪಚಾರ ಮಾಡೋಕೆ ಹೋಗಿದ್ದೀರಿ. ನಮ್ಮ ವಾರ್ಡಲ್ಲಿ ಏನ್ಮಾಡ್ತೀನಿ ಗೊತ್ತಾ? ನಿದ್ದೆ ಬರ್ತಿಲ್ಲ ಅಂತ ಅಳೋ ಮಗೂಗೆ ಮಲ್ಕೋ ಅನ್ನಲ್ಲ. ಬಾ ಪುಟ್ಟ, ನಂಗೆ ಕಾವಲಿಗೆ ಜನ ಬೇಕು, ನೀನು ಮಲಗಲೇಬಾರದು, ಯಾರ್ಯಾರು ಗೊರಕೆ ಹೊಡೀತಾರೆ ನೋಡಿ ಹೇಳು ಅಂತ ಕುರ್ಚಿ ಹಾಕಿ ಕೂರಿಸ್ತೀನಿ. ಮೂರನೇ ಮಂಚ ಎಣಿಸೋದ್ರೊಳಗೆ ತೂಕಡಿಕೆ."

"ನಾನೇನು ಮಗುವಾ ಸಿಸ್ಟರ್?"

"ಅವರಿಗಿಂತ ಹಟ ಜಾಸ್ತಿ ಇದೆ ನಿಮಗೆ. ಇವತ್ತಿಂದ ನಿಮಗೂ ನೈಟ್ ಡ್ಯೂಟಿ. ಹಾಸಿಗೇಲಿ ಹೊರಳಾಟ ಶುರುವಾಯ್ತೋ, ಎದ್ದು ಬಂದು ಅಂಗಡೀಲಿ ಕುರ್ಚಿ ಮೇಲೆ ಕೂತ್ಕೊಳ್ಳಿ. ನಿದ್ದೆ ಬರ್ಲಿ ಅಂತಲ್ಲ. ಎಚ್ಚರ ಇರೋಕೆ. ಕಣ್ಣು ತಾನಾಗೇ ಎಳೆದ್ರೆ ಮಾತ್ರ ಒಳಗೆ ಹೋಗಿ. ನಾಳೆ ಗತಿ ಏನು ಅಂತ ಭಯ ಬಂದ್ರೆ ಅದರ ಜೊತೆ ವಾದ ಮಾಡ್ಬೇಡಿ, ಓಡಿಸ್ಲೂಬೇಡಿ. ಬಂದ್ಯಾ, ಕೂತ್ಕೋ ಅನ್ನಿ. ಬೆಳಿಗ್ಗೆ ಎಷ್ಟೇ ನಿದ್ದೆ ಆಗಿರ್ಲಿ, ಆರಕ್ಕೆ ಏಳಿ. ಆ ಗಡಿಯಾರ ಪಾಪ, ಅದನ್ನ ಡಬ್ಬದಿಂದ ಬಿಡಿಸಿ."

"ಕೆಮ್ಮೋದು?" ಪರದೆಯ ಹಿಂದಿನಿಂದ ಅತ್ತೆ ಕೇಳಿದಳು.

"ಮನಸ್ಸು ಬಿಚ್ಚಿ ಕೆಮ್ಮಿ ಅಜ್ಜಿ." ಸಿಸ್ಟರ್ ಬ್ಯಾಗ್ ಎತ್ತಿಕೊಂಡರು. "ಒಂದೇ ರಾತ್ರೀಲಿ ಸರಿ ಹೋಗಲ್ಲ, ನೆನಪಿರ್ಲಿ. ನಿದ್ದೆ ಕಡಿಮೆ ಆಗಿ ನಿಮ್ಮ ಕೆಲಸ ಕೆಟ್ಟಿಲ್ಲ. ನಿದ್ದೆ ಜೊತೆ ಜಗಳ ಆಡಿ ಕೆಟ್ಟಿದೆ. ಆಮೇಲೆ, ಈ ಹಾಸಿಗೆ ಬಿಚ್ಚಿದ್ರೆ ನೋಡಿ ಮತ್ತೆ!"

ಆ ರಾತ್ರಿ ಹನ್ನೆರಡಕ್ಕೆ ಅವನು ಹಾಸಿಗೆ ಬಿಟ್ಟು ಅಂಗಡಿಗೆ ಬಂದು ಕೂತ. ಸಿಕ್ಕುಸಿಕ್ಕಾಗಿ ಮೂಲೆ ಸೇರಿದ್ದ ಹುರಿಯ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಡಿಸತೊಡಗಿದ. ಭಯ ಬಂತು. ಬಂದ್ಯಾ, ಕೂತ್ಕೋ ಅಂದ. ಕೂತಿತು. ಏನೂ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆ ಸರಿಸಿ ಅತ್ತೆಯೂ ಬಂದು ಎದುರಿಗೆ ಕೂತು, ಇಷ್ಟು ದಿನದ ಬಾಕಿ ಕೆಮ್ಮನ್ನೆಲ್ಲ ಕೆಮ್ಮಿದಳು.

"ಅತ್ತೇ, ನಿಮಗೂ ನಿದ್ದೆ ಬರಲ್ವಾ?"

"ಐವತ್ತು ದಾಟಿದ ಮೇಲೆ ನಂಗೆ ಯಾವತ್ತು ಸರಿಯಾಗಿ ಬಂದಿದೆ? ಬಂದ್ರೆ ಮಲಗ್ತೀನಿ, ಬರ್ದಿದ್ರೆ ಎದ್ದು ಕೂತ್ಕೋತೀನಿ. ಅದನ್ನೇನು ಊರಿಗೆಲ್ಲ ಡಂಗುರ ಸಾರ್ಬೇಕಾ?"

"ಮಾವನವರು ಚೆನ್ನಾಗಿ ನಿದ್ದೆ ಮಾಡ್ತಿದ್ರು ಅಲ್ವಾ?"

ಅತ್ತೆ ಕಿಸಕ್ಕನೆ ನಕ್ಕಳು. "ರಾತ್ರಿ ಗೂಬೆ ಥರ ಕೂತಿರೋರು. ಹಗಲು ಅಂಗಡೀಲಿ ನಿದ್ದೆ! ನೂರು ಎಣಿಸ್ತಿದ್ರು ಅಂದ್ಕೊಂಡಿದ್ದೀರಾ? ನೀವು ಹತ್ತಿ ತರೋಕೆ ಹೋದಾಗ ನಾನು ನೋಡಿದ್ದೀನಿ, ಎಪ್ಪತ್ತು ದಾಟ್ತಿರಲಿಲ್ಲ, ಗೊರಕೆ. ಗೊರಕೆ ಬಂದ್ರೆ ಹಾಸಿಗೆ ಪಾಸು, ನೂರಾದ್ರೂ ಎಚ್ಚರ ಇದ್ರೆ ಏನೋ ಊನ ಇದೆ ಅಂತ ಬಿಚ್ಚೋರು. ನಿಮ್ಮ ಮುಂದೆ ಗುರು ಅಲ್ವಾ, ಗತ್ತು. ಅದಕ್ಕೇ ಎದ್ದಿರೋರು."

ಅವನು ಹುರಿಯ ಉಂಡೆಯನ್ನು ಹಿಡಿದುಕೊಂಡೇ ನಕ್ಕ. ಒಳಗಿನಿಂದ ಹೆಂಡತಿ, "ರೀ, ಇದೇನು ಅಪರಾತ್ರೀಲಿ ನಗು?" ಎಂದು ಕೂಗಿದಳು. ಆ ರಾತ್ರಿ ಅವನು ನಿದ್ದೆ ಮಾಡಿದ್ದು ಎರಡು ಗಂಟೆ ಹೊತ್ತು. ಮರುರಾತ್ರಿ ಮೂರು. ಆಮೇಲೆ ಐದು, ಮತ್ತೆ ಒಂದು ದಿನ ಬರೀ ಎರಡು. ಆದರೆ ಆರಕ್ಕೆ ಎದ್ದಾಗ ಅಯ್ಯೋ ಅನ್ನುವುದನ್ನು ಬಿಟ್ಟಿದ್ದ. ಇವತ್ತು ಡ್ಯೂಟಿ ಜಾಸ್ತಿ ಆಯ್ತು ಎಂದು ಮುಖ ತೊಳೆದುಕೊಂಡು ಹತ್ತಿ ಹಿಂಜಲು ಕೂರುತ್ತಿದ್ದ.

ಹಲಗೆಯ ಮೇಲೆ ಮಲಗಿದಾಗಲೂ ಅದೇ ಉಪಾಯ. ಗಂಟಿದೆ ಎಂದು ಮನಸ್ಸು ಬೊಬ್ಬೆ ಹೊಡೆದರೆ, ಬಂದ್ಯಾ, ಕೂತ್ಕೋ ಎಂದು ಎಣಿಕೆ ಮುಂದುವರಿಸುತ್ತಿದ್ದ. ಭುಜದ ಗಂಟು ಸೊಂಟಕ್ಕೆ ಜಾರುತ್ತಿತ್ತು, ಸೊಂಟದ್ದು ಮೊಣಕಾಲಿಗೆ. ನೂರಾಗುವ ಹೊತ್ತಿಗೆ ಒಂದೂ ಇರುತ್ತಿರಲಿಲ್ಲ. ಹಾಸಿಗೆಗಳು ಒಂದರ ಮೇಲೊಂದು ಸೇರತೊಡಗಿದವು. ಮನೆಯಲ್ಲಿ ಪಾತ್ರೆ ಸದ್ದು ಮಾಡಿದವು, ಗಡಿಯಾರ ಹೊಡೆಯಿತು. ಹೆಂಡತಿಯ ಟಕಟಕ ಮಾತ್ರ ಕೇಳಿಸುತ್ತಿರಲಿಲ್ಲ. ಉಳಿದ ಗವಸುಗಳನ್ನೆಲ್ಲ ಮೊದಲೇ ಹೊಲಿದು ಪೇರಿಸುವ ಅವಸರದಲ್ಲಿ ಅಂಗುಸ್ತಾನವನ್ನು ಎಲ್ಲೋ ಕಳೆದುಕೊಂಡಿದ್ದಳು. ಅಪ್ಪನ ನೆನಪಿಗೆ ಇದ್ದದ್ದು ಅದೊಂದೇ ಎಂದು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲಿದಳು.

ಗಡುವಿನ ಹಿಂದಿನ ದಿನ ಇಪ್ಪತ್ತೊಂಬತ್ತನೆಯದು ಹಲಗೆಗೆ ಬಂತು. ಹಿಂದಿನ ರಾತ್ರಿ ಅವನು ಮೂರರ ತನಕ ಕುರ್ಚಿಯಲ್ಲೇ ಇದ್ದ. ಮಲಗಿ ಎಣಿಸಿದ. ಮೂವತ್ತೆಂಟಕ್ಕೆ ಎಡಭುಜದ ಕೆಳಗೆ ಏನೋ ಒತ್ತಿತು.

"ಇಲ್ಲೇನೋ ಇದೆ ಕಣೇ."

ಹೆಂಡತಿಯ ಕೈಯಿಂದ ಕತ್ತರಿ ಬಿತ್ತು. "ಮತ್ತೆ ಶುರುವಾಯ್ತಾ! ನಿನ್ನೆ ನಿದ್ದೆ ಇಲ್ಲ, ಇವತ್ತು ಗಂಟು! ನಾಳೆ ಬೆಳಿಗ್ಗೆ ವ್ಯಾನ್ ಬರುತ್ತೆ ರೀ!"

ಅವನಿಗೂ ಅದೇ ಭಯ. ಹಳೆಯ ಪೀಡೆ ಮರಳಿ ಬಂತೇ? ಈ ಸಲವೂ ಬಿಚ್ಚಿ ಒಳಗೆ ಏನೂ ಇಲ್ಲದಿದ್ದರೆ ತನ್ನ ಬೆನ್ನನ್ನು ತಾನೇ ಇನ್ನೆಂದೂ ನಂಬಲಾರ. ಬಂದ್ಯಾ, ಕೂತ್ಕೋ ಅಂದ, ಕಣ್ಣು ಮುಚ್ಚಿ ಮತ್ತೆ ಒಂದರಿಂದ ಶುರುಮಾಡಿದ. ಭಯದ ಗಂಟಾದರೆ ಜಾರಬೇಕಿತ್ತು. ಇದು ಜಾರಲಿಲ್ಲ. ಅವನೇ ಒಂದು ಗೇಣು ಕೆಳಕ್ಕೆ ಸರಿದ. ಅದು ಕತ್ತಿನ ಹತ್ತಿರ ಸಿಕ್ಕಿತು. ಮೇಲಕ್ಕೆ ಸರಿದ, ಪಕ್ಕೆಗೆ ಒತ್ತಿತು. ಅವನು ಅಲುಗಿದರೂ ಅದು ಇದ್ದಲ್ಲೇ ಇತ್ತು. ನೂರು ಮುಗಿಸಿ ಸಮಾಧಾನವಾಗಿ ಎದ್ದು ಕೂತ.

"ಬಿಚ್ಚು."

"ಬಿಚ್ಚಲ್ಲ."

"ಇದರ ಮೇಲೆ ಮಲಗೋದು ಮಗು ಕಣೇ. ಹುಷಾರಿಲ್ಲದ ಮಗು. ನಂಗೆ ಭಯ ಆಗಿ ಹೇಳ್ತಿಲ್ಲ. ಇದೆ, ಅದಕ್ಕೇ ಹೇಳ್ತಿದ್ದೀನಿ."

ಇಷ್ಟು ದಿನ ಕೇಳದಿದ್ದ ದನಿ ಅದು. ಅವಳು ಗೊಣಗುತ್ತಲೇ ಹೊಲಿಗೆ ಕತ್ತರಿಸಿ, ಮೊಣಕೈ ತನಕ ಹತ್ತಿಯೊಳಗೆ ಕೈ ಹಾಕಿ ತಡಕಾಡಿದಳು. ಗೊಣಗಾಟ ನಿಂತಿತು. ಕೈ ಹೊರಗೆ ಬಂದಾಗ ಅಂಗೈಯಲ್ಲಿ ಹಿತ್ತಾಳೆಯ ಅಂಗುಸ್ತಾನ, ಮೈತುಂಬ ಹತ್ತಿ ಮೆತ್ತಿಕೊಂಡು ಕೂತಿತ್ತು.

ಅವಳು ಅದನ್ನು ಒರೆಸಿ ಬೆರಳಿಗೆ ಹಾಕಿಕೊಂಡು ನೋಡಿದಳು. ಕಣ್ಣಲ್ಲಿ ನೀರು ಬಂತು. "ರೀ, ನಿಮ್ಮ ಬೆನ್ನು ಎಲ್ಲೂ ಹೋಗಿಲ್ಲ" ಎಂದಳು. ಅವನು ಹಲಗೆಯ ತುದಿಯಲ್ಲಿ ಕೂತವನು ಅತ್ತುಬಿಟ್ಟ. ಐವತ್ತು ವರ್ಷದ ಗಂಡಸು ಬಾಗಿಲು ತೆರೆದಿಟ್ಟ ಅಂಗಡಿಯಲ್ಲಿ ಅಳುತ್ತಾನಲ್ಲ ಎಂದು ನಾಚಿಕೆಯನ್ನೂ ಪಡಲಿಲ್ಲ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಮೂವತ್ತನೆಯದಕ್ಕೆ ಹತ್ತಿ ತುಂಬಲು ಎದ್ದ.

ಮಾರನೆಯ ಬೆಳಿಗ್ಗೆ ಕೊನೆಯ ಹಾಸಿಗೆಯನ್ನು ಹಲಗೆಗೆ ಹಾಕಿದಾಗ ಗಂಟೆ ಒಂಬತ್ತು. ಉಳಿದ ಇಪ್ಪತ್ತೊಂಬತ್ತು ಗೋಡೆಗೆ ಒರಗಿ ಕಾಯುತ್ತಿದ್ದವು. ಅವನು ಚಪ್ಪಲಿ ಬಿಟ್ಟು, ಅಂಗಾತ ಮಲಗಿ, ಕೈ ಎದೆಯ ಮೇಲಿಟ್ಟುಕೊಂಡು ಎಣಿಸತೊಡಗಿದ. ನಲವತ್ತು. ಐವತ್ತು. ಅರವತ್ತೊಂದು, ಅರವತ್ತೆರಡು ಎಂಬುದು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ಹೆಂಡತಿ ಗಾಬರಿಯಿಂದ ಮಷಿನ್ ನಿಲ್ಲಿಸಿದಳು.

"ಹೊಲಿಯೇ, ಸದ್ದಿಗೆಲ್ಲ ಏಳಲ್ಲ," ಎಂದಳು ಪರದೆ ಸರಿಸಿ ಬಂದ ಅತ್ತೆ. ಮಷಿನ್ ಮತ್ತೆ ಶುರುವಾಯಿತು. ಪಕ್ಕದಲ್ಲಿ ಸುತ್ತಿಗೆ ಬಡಿಯಿತು. ಹೊರಗೆ ಆಸ್ಪತ್ರೆಯ ವ್ಯಾನ್ ಬಂದು ನಿಂತು ಹಾರ್ನ್ ಹೊಡೆಯಿತು. ಡ್ಯೂಟಿ ಮುಗಿಸಿ ಅದರಲ್ಲೇ ಬಂದಿದ್ದ ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ನೂರೆಣಿಕೆಯಣ್ಣನನ್ನು ನೋಡಿದರು.

"ಅಜ್ಜೀ, ಇದೂ ಆಯ್ತಾ?"

ಅತ್ತೆ ಮೊದಲು ಮನಸ್ಸು ಬಿಚ್ಚಿ ಕೆಮ್ಮಿದಳು. ಅಳಿಯ ಮಿಸುಕಲಿಲ್ಲ.

"ಪಾಸು," ಎಂದಳು.